ಎಂಟೂ ಹತ್ತರ ಬಸ್ಸು

ಈಚೆಗೆ ನಮ್ಮ ಮರ್ಫಿ ಟೌನಿನ ಇಬ್ಬರು ಹುಡುಗರು ಬಸ್ಸಿನ ಕೆಲಸಕ್ಕೆ ಸೇರಿದರು. ಹಿಂದಿನ ದಿನ ಮನೆಗೆ ಬಂದು, "ತಾತ, ನೀವು ಅಷ್ಟ್ ವರ್ಷ ಲೈನಲ್ಲಿದ್ರಲ್ಲ, ಏನಾದ್ರೂ ಟಿಪ್ಸ್ ಕೊಡಿ" ಅಂದರು. ಟಿಪ್ಸ್ ಅಂತೆ! ಚಿಲ್ಲರೆ ಬೇರೆ ಜೇಬಿನಲ್ಲಿಡಿ, ಫುಟ್‌ಬೋರ್ಡಿನಲ್ಲಿ ಜೋತಾಡಬೇಡಿ, ಕುಡಿದವನ ಜೊತೆ ವಾದಕ್ಕಿಳಿಯಬೇಡಿ ಅಂತ ಹೇಳಿ ಕಾಫಿ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಹೇಳಬೇಕಾದದ್ದು ಬೇರೆಯೇ ಇತ್ತು. ಅವರನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮುನಿರಾಜು, ಲೈನಿನಲ್ಲಿ ಎಲ್ಲರಿಗೂ ರಾಜಣ್ಣ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರದ ಮೇಲೆ ಹಳೇ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರ ದಾಟಿ ಹಳ್ಳಿಗಳಿಗೆ ಹೋಗುತ್ತಿದ್ದ ಖಾಸಗಿ ಬಸ್ಸುಗಳಲ್ಲಿ ಮೊದಲು ಕಂಡಕ್ಟರ್ ಆಗಿದ್ದೆ, ಆಮೇಲೆ ಕೆ.ಆರ್. ಪುರದ ಸ್ಟಾಪಿನಲ್ಲಿ ಟೈಮ್ ಕೀಪರ್. ಕೊನೆಯ ಕೆಲವು ವರ್ಷ ಕಲ್ಯಾಣ ನಗರದ ಒಂದು ಶಾಲೆಯ ವ್ಯಾನುಗಳನ್ನು ನೋಡಿಕೊಂಡು ಮನೆಗೆ ಬಂದೆ. ಪಿಂಚಣಿ ಇಲ್ಲ, ಪ್ರಮೋಷನ್ ಅನ್ನುವ ಪದ ನಮ್ಮ ಬೀದಿಯ ಕಡೆ ಸುಳಿಯಲೇ ಇಲ್ಲ. ಆದ್ದರಿಂದ ಆ ಸುದ್ದಿ ಬಿಡೋಣ.

ತೊಂಬತ್ತರ ದಶಕದಲ್ಲಿ ಪರ್ಮಿಟ್ಟಿನ ಬಿಗಿ ಸಡಿಲವಾಯಿತು. ಹೊಲ ಮಾರಿದವರು, ಸೈಟು ಮಾರಿದವರು ಎಲ್ಲರೂ ಬಸ್ಸು ತಂದು ನಿಲ್ಲಿಸಿದರು. ಹೆಸರಿಗೆ ಹಳ್ಳಿಯ ಪರ್ಮಿಟ್ಟು, ಹೊಟ್ಟೆ ತುಂಬುತ್ತಿದ್ದುದು ಕೆ.ಆರ್. ಪುರಕ್ಕೂ ಶಿವಾಜಿನಗರಕ್ಕೂ ನಡುವೆ ಹತ್ತಿ ಇಳಿಯುವ ಜನರಿಂದ. ಪೈಪೋಟಿ ಬಂದರೆ ಚಾರ್ಜು ಇಳಿಯುತ್ತದೆ, ಜನಕ್ಕೆ ಅನುಕೂಲವಾಗುತ್ತದೆ ಅಂತ ಓದಿದವರು ಹೇಳುತ್ತಿದ್ದರು. ನಮ್ಮ ಓನರ್ ಚಂದ್ರಪ್ಪನವರೂ ಅದನ್ನು ನಂಬಿದರು.

ಚಂದ್ರಪ್ಪನವರದು ಐದು ಬಸ್ಸು. ಮುಂಗೋಪಿ, ಆದರೆ ಕೈ ದೊಡ್ಡದು. ನನ್ನ ಹೆಂಡತಿಗೆ ಹೆರಿಗೆಯಲ್ಲಿ ಆಪರೇಷನ್ ಆಗಬೇಕಾದಾಗ ಹಲಸೂರಿನ ಆಸ್ಪತ್ರೆಗೆ ನನಗಿಂತ ಮುಂಚೆ ಓಡಿಬಂದು ರಕ್ತ ಕೊಟ್ಟವರು ಅವರು. ಒಂದು ದಿನ ಬೆಳಿಗ್ಗೆ ಕರೆದು, "ಲೋ ರಾಜ, ಇವತ್ತಿಂದ ಟಿಕೆಟ್‌ಗೆ ಎಂಟಾಣೆ ಕಮ್ಮಿ ತಗೋ. ಜನ ಎಲ್ಲಾ ನಮ್ ಬಸ್ಸಿಗೇ ಬೀಳ್ತಾರೆ ನೋಡು" ಅಂದರು. ಬಸ್ಸಿಗಿಂತ ಮುಂಚೆ ಹಲಸೂರಿನ ಸ್ಟಾಪಿಗೆ ನನ್ನನ್ನು ಕಳಿಸಿ ಕೂಗಲು ನಿಲ್ಲಿಸಿದರು. "ಹಿಂದೆ ಬರ್ತೈತೆ, ಎಂಟಾಣೆ ಕಮ್ಮಿ!" ಅಂತ ಗಂಟಲು ಹರಿಯುವಷ್ಟು ಕೂಗಿದೆ. ಅಷ್ಟರಲ್ಲಿ ಇನ್ನೊಬ್ಬರ ಬಸ್ಸು ಬಂತು. ಸ್ಟಾಪಿನಲ್ಲಿದ್ದವರೆಲ್ಲ ಅದಕ್ಕೇ ಹತ್ತಿದರು. ಬದನೆಕಾಯಿ ಬುಟ್ಟಿ ಹೊತ್ತಿದ್ದ ಒಬ್ಬ ಅಜ್ಜಿಯನ್ನು ಅಡ್ಡಗಟ್ಟಿದೆ.

"ಅಜ್ಜಿ, ಹತ್ತೇ ನಿಮಿಷ, ಎಂಟಾಣೆ ಉಳೀತದೆ."

"ನಿನ್ ಎಂಟಾಣೆ ನೀನೇ ಇಟ್ಕೋ ಹೋಗ್! ಈ ಬಿಸ್ಲಲ್ಲಿ ತಲೆ ತಿರುಗಿ ಬಿದ್ರೆ ನೀನ್ ಬಂದ್ ಎತ್ತೀಯಾ?"

ಅಲ್ಲಿಗೆ ಪೈಪೋಟಿಯ ಪಾಠ ಮುಗಿಯಿತು. ತರಕಾರಿ ಕೊಳ್ಳುವವಳು ನಾಲ್ಕು ಅಂಗಡಿ ನೋಡುತ್ತಾಳೆ, ಸೀರೆ ಕೊಳ್ಳುವವಳು ನಲವತ್ತು ಸೀರೆ ಬಿಚ್ಚಿಸುತ್ತಾಳೆ. ಬಸ್ಸು ಮಾತ್ರ ಯಾವುದು ಮೊದಲು ಬಂತೋ ಅದಕ್ಕೇ ಹತ್ತುತ್ತಾಳೆ. ಆ ವಾರವೇ ಚಾರ್ಜು ಮೊದಲಿನಂತಾಯಿತು. ಎಲ್ಲ ಓನರುಗಳಿಗೂ ಒಂದೇ ಬುದ್ಧಿ ಹೊಳೆಯಿತು: ಕಾಸು ಇಳಿಸಿ ಪ್ರಯೋಜನವಿಲ್ಲ, ಮುಂದೆ ಹೋಗಬೇಕು, ಅಷ್ಟೇ.

ಅಲ್ಲಿಂದ ಓಟ ಶುರುವಾಯಿತು. ನನ್ನ ಬಸ್ಸಿನ ಡ್ರೈವರ್ ದಸ್ತಗೀರ್, ಶಿವಾಜಿನಗರದವನು. ಸ್ಟೀರಿಂಗ್ ಮೇಲೆ ಅವನ ಕೈ ಎಷ್ಟು ಮೃದುವೋ ಬಾಯಿ ಅಷ್ಟೇ ಖಾರ. ಹಿಂದಿನ ಬಸ್ಸು ಕನ್ನಡಿಯಲ್ಲಿ ಕಾಣುವವರೆಗೆ ಎತ್ತಿನ ಗಾಡಿಯ ಹಾಗೆ ತೆವಳುವುದು, ಆ ಬಸ್ಸಿಗೆ ಬರಬೇಕಾದ ಜನರನ್ನೆಲ್ಲ ಹತ್ತಿಸಿಕೊಳ್ಳುವುದು, ಅದು ಕಂಡ ಕೂಡಲೇ ಓಡುವುದು. ಒಮ್ಮೆ ಹೀಗೆ ಓಡುವ ಭರದಲ್ಲಿ ಹಲಸೂರಿನಲ್ಲಿ ನಿಲ್ಲಿಸುವುದನ್ನೇ ಮರೆತೆವು. ಒಳಗೆ ಮದುವೆಗೆ ಹೊರಟಿದ್ದ ಇಡೀ ದಿಬ್ಬಣ! "ಏಯ್, ನಿಲ್ಸೋ, ನಮ್ ಛತ್ರ ಹೋಯ್ತು!" ಅಂತ ಹೆಣ್ಣಿನ ಸೋದರಮಾವ ನನ್ನ ಕಾಲರ್ ಹಿಡಿದ. ದಸ್ತಗೀರ್ ನಿಲ್ಲಿಸಿದ್ದು ಶಿವಾಜಿನಗರದಲ್ಲೇ. ನಾನು ನನ್ನ ಕೈಯಿಂದ ಆರು ಆಟೋ ಮಾಡಿ ಅವರನ್ನು ವಾಪಸ್ ಕಳಿಸಿದೆ. ಪುಣ್ಯಕ್ಕೆ ಮುಹೂರ್ತ ಮೀರಿರಲಿಲ್ಲ. ಮೀರಿದ್ದರೆ ಇವತ್ತು ಇದನ್ನು ಬರೆಯಲು ನನಗೆ ಬೆರಳು ಇರುತ್ತಿರಲಿಲ್ಲ.

ಕನ್ನಡಿಗಳು ಒಡೆದವು, ಡ್ರೈವರುಗಳ ತಲೆಗಳೂ ಒಡೆದವು. ಆಗ ಓನರುಗಳೆಲ್ಲ ಹೋಟೆಲಿನಲ್ಲಿ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡರು. ಪ್ರತಿ ಬಸ್ಸಿಗೂ ಕೆ.ಆರ್. ಪುರ ಬಿಡುವ ಸಮಯ ಗೊತ್ತಾಯಿತು. ವಿಶಲ್ ಊದಿದ ಮೇಲೂ ನಿಂತು ಜನ ತುಂಬಿಸಿದರೆ ನಿಮಿಷದ ಲೆಕ್ಕದಲ್ಲಿ ದಂಡ. ಆ ದಂಡ ಸಂಘಕ್ಕಲ್ಲ, ಸರ್ಕಾರಕ್ಕೂ ಅಲ್ಲ. ನೇರವಾಗಿ ಹಿಂದಿನ ಬಸ್ಸಿನವರಿಗೆ. ಯಾಕೆಂದರೆ ಕದ್ದದ್ದು ಅವರ ಜನರನ್ನು. ಇಂಥ ನ್ಯಾಯ ಯಾವ ಕೋರ್ಟಿನಲ್ಲೂ ಇಲ್ಲ ಅಂತ ಇವತ್ತಿಗೂ ನನ್ನ ಅಭಿಪ್ರಾಯ.

ಈ ನ್ಯಾಯಕ್ಕೆ ಒಬ್ಬ ಕಾವಲುಗಾರ ಬೇಕಲ್ಲ. ಅಕ್ಷರ ದುಂಡಗಿದೆ, ಕೈಯಲ್ಲಿ ವಾಚಿದೆ ಅಂತ ನನ್ನನ್ನೇ ಮಾಡಿದರು. ಈಗಿನಂತೆ ಮೊಬೈಲಿನಲ್ಲಿ ಬಸ್ಸು ಕಾಣಿಸುವ ಕಾಲ ಅಲ್ಲ, ಟಿಕೆಟ್ ಮಿಷನ್ನೂ ಬಂದಿರಲಿಲ್ಲ. ಒಂದು ಪುಸ್ತಕ, ಒಂದು ವಿಶಲ್, ಒಂದು ಸ್ಟೂಲು. ಟೈಮ್ ಕೀಪರ್ ವಾಚಿನಲ್ಲಿ ಎಷ್ಟೋ ಲೈನಿನಲ್ಲಿ ಅಷ್ಟೇ ಗಂಟೆ. ರೇಡಿಯೋದಲ್ಲಿ ಬೇರೆ ಹೇಳಿದರೆ ಅದು ರೇಡಿಯೋದ ತಪ್ಪು. ಸಂಬಳ ಮಾತ್ರ ಚಂದ್ರಪ್ಪನವರ ಕಡೆಯಿಂದಲೇ ಬರುತ್ತಿತ್ತು, ಏಕೆಂದರೆ ಲೈನಿನಲ್ಲಿ ಹೆಚ್ಚು ಬಸ್ಸು ಅವರದ್ದು. ಇದರಲ್ಲಿ ಒಂದು ಎಡವಟ್ಟಿದೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಪಿಳ್ಳಮ್ಮ ಬಂದದ್ದು ಆಮೇಲೆ.

ಕೆ.ಆರ್. ಪುರದ ಆಚೆ ಒಂದು ಹಳ್ಳಿ ಅವಳದು. ರಾಗಿ ಹೊಲ ಬಡಾವಣೆಗೆ ಹೋಯಿತು. ಬಂದ ಪರಿಹಾರದಲ್ಲಿ ಗಂಡ ನಂಜಪ್ಪ ಒಂದು ಬಸ್ಸು ತಂದ, ತಾನೇ ಓಡಿಸಿದ. ಎರಡೇ ವರ್ಷಕ್ಕೆ ಲಕ್ವ ಹೊಡೆದು ಮಲಗಿದ. ಸಂಬಳದ ಡ್ರೈವರನ್ನು ಇಟ್ಟಳು, ಅವನೇನೋ ಸರಿಯಿದ್ದ. ಕಂಡಕ್ಟರುಗಳು ಮಾತ್ರ ಒಬ್ಬರಾದ ಮೇಲೊಬ್ಬರು ಕೈಕೊಟ್ಟರು. ಒಂದು ದಿನ ಬೆಳಿಗ್ಗೆ ನೋಡಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚರ್ಮದ ಬ್ಯಾಗು ಹೆಗಲಿಗೆ ಹಾಕಿಕೊಂಡು ಅವಳೇ ಫುಟ್‌ಬೋರ್ಡಿನಲ್ಲಿ ನಿಂತಿದ್ದಾಳೆ! ಸ್ಟಾಪಿನವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

"ಏನ್ ನೋಡ್ತೀರ? ಹೊಲ ಹೋಯ್ತು. ಇದೂ ಹೋದ್ರೆ ಇನ್ನೊಬ್ರ ಮನೇಲಿ ಪಾತ್ರೆ ತಿಕ್ಕಬೇಕು ನಾನು. ಹತ್ತಿ, ಹತ್ತಿ!" ಅಂದಳು.

ಅವಳ ಸಮಯ ಬೆಳಿಗ್ಗೆ ಎಂಟೂ ಹತ್ತು. ಇಡೀ ಲೈನಿನಲ್ಲಿ ಅದು ಚಿನ್ನದಂಥ ಹೊತ್ತು. ಇಂದಿರಾನಗರದ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಎಂಟೂ ಹತ್ತಕ್ಕೆ ಬಿಟ್ಟರೆ ಎಂಟೂ ಮುಕ್ಕಾಲಿನೊಳಗೆ ಗೇಟು ಸೇರುತ್ತಾರೆ. ಆಮೇಲೆ ಗೇಟು ಮುಚ್ಚಿದರೆ ಅರ್ಧ ದಿನದ ಕೂಲಿ ಕಟ್. ಸರ್ಕಾರಿ ಬಸ್ಸು ಆ ಹೊತ್ತಿಗೆ ದೂರದಿಂದ ತುಂಬಿಕೊಂಡೇ ಬರುತ್ತಿತ್ತು. ಚಂದ್ರಪ್ಪನವರ ಕಣ್ಣು ಆ ಸಮಯದ ಮೇಲೆ ಮೊದಲಿನಿಂದಲೂ ಇತ್ತು. ಪಿಳ್ಳಮ್ಮನ ಮುಂದೆ ಎಂಟೂ ನಾಲ್ಕಕ್ಕೆ ಒಂದು ಬಸ್ಸು, ಹಿಂದೆ ಎಂಟೂ ಹದಿನಾಲ್ಕಕ್ಕೆ ಇನ್ನೊಂದು ಬಸ್ಸು ಹಾಕಿದರು. ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಯಿತು ಅವಳ ಸ್ಥಿತಿ.

ಅಷ್ಟಕ್ಕೇ ಬಿಟ್ಟಿದ್ದರೆ ಅದು ವ್ಯಾಪಾರ. ಚಂದ್ರಪ್ಪನವರು ನನ್ನ ಸ್ಟೂಲಿನ ಹತ್ತಿರ ಬಂದು ಬಗ್ಗಿ, "ಎಂಟೂ ನಾಲ್ಕು ಸ್ವಲ್ಪ ನಿಧಾನಕ್ಕೆ ಬಿಡೋ. ಪುಸ್ತಕದಲ್ಲಿ ಬರೀಬೇಡ" ಅಂದರು. ಉಪ್ಪು ತಿಂದ ಮನೆ. ನಾನು ಸರಿ ಅಂದೆ. ಆ ಬಸ್ಸು ಎಂಟೂ ಒಂಬತ್ತರವರೆಗೆ ನಿಂತು ಜನ ತುಂಬಿಸಿಕೊಳ್ಳುತ್ತಿತ್ತು, ನಾನು ದುಂಡಗಿನ ಅಕ್ಷರದಲ್ಲಿ ಎಂಟೂ ನಾಲ್ಕು ಅಂತ ಬರೆಯುತ್ತಿದ್ದೆ. ಪಿಳ್ಳಮ್ಮನಿಗೆ ಸೇರಬೇಕಾದ ದಂಡ ಹುಟ್ಟುವ ಮೊದಲೇ ಸಾಯುತ್ತಿತ್ತು.

ಅವಳ ಕೈಯಲ್ಲಿ ವಾಚಿರಲಿಲ್ಲ. ಆದರೂ ಮೂರನೇ ದಿನ ಬಂದು ನಿಂತಳು.

"ರಾಜಣ್ಣ, ಮುಂದಿನ ಬಸ್ಸು ಯಾವಾಗ್ ಬುಟ್ಟೆ?"

"ಎಂಟೂ ನಾಲ್ಕಕ್ಕೆ ಅಕ್ಕ. ನೋಡು, ಪುಸ್ತಕದಲ್ಲೇ ಐತೆ."

"ನಿನ್ ಪುಸ್ತಕ ಸರಿಯಾಗೈತೆ ಅಂತೀಯ. ಹಂಗಾದ್ರೆ ನನ್ ಜನ ಎಲ್ಲೋದ್ರು?"

ನಾನು ಪುಸ್ತಕದ ಹಾಳೆ ತಿರುಗಿಸಿದೆ. ಅವಳು ಬ್ಯಾಗು ಸರಿಮಾಡಿಕೊಂಡು ಬಸ್ಸಿನ ಕಡೆ ಹೋದಳು.

ನಾನು, ಇನ್ನೇನು ಇವಳೂ ಓಟಕ್ಕಿಳಿಯುತ್ತಾಳೆ, ಎಲ್ಲರೂ ಮಾಡುವುದು ಅದನ್ನೇ ಅಂದುಕೊಂಡೆ. ಅವಳು ಬೇರೆಯೇ ದಾರಿ ಹಿಡಿದಳು. ಬಸ್ಸಿನಲ್ಲಿ ಹತ್ತಿದ ಒಬ್ಬೊಬ್ಬ ಹೆಂಗಸಿಗೂ, "ನಾಳೆ ಎಂಟೂ ಹತ್ತಕ್ಕೆ ನಾನ್ ಇಲ್ಲೇ ಇರ್ತೀನಿ. ಹತ್ತೇ ಜನ ಇರ್ಲಿ, ಖಾಲಿ ಇರ್ಲಿ, ಹೊಂಟೇ ಹೊಯ್ತೀನಿ. ಸೀಟು ನಿಂಗೆ" ಅಂತ ಹೇಳತೊಡಗಿದಳು. ಹೇಳಿದ ಹಾಗೇ ಮಾಡಿದಳು. ಮೊದಲ ವಾರ ಅವಳ ಬಸ್ಸು ನಿಜಕ್ಕೂ ಖಾಲಿಯೇ ಹೋಯಿತು. ಡೀಸೆಲ್ಲಿಗೂ ಹುಟ್ಟುತ್ತಿರಲಿಲ್ಲ. ದಸ್ತಗೀರ್ ನೋಡಿ ನಗುತ್ತಿದ್ದ, "ಏನ್ ಗುರು, ಆಯಮ್ಮ ಬಸ್ಸಿಗೆ ಗಾಳಿ ತೋರ್ಸ್ಕೊಂಡು ಬರ್ತಾವ್ಳಾ?" ಅಂತ.

ಆಮೇಲೆ ನಾನು ಕಂಡದ್ದನ್ನು ಯಾರೂ ನಂಬುವುದಿಲ್ಲ. ಚಂದ್ರಪ್ಪನವರ ಬಸ್ಸು ಬಾಗಿಲು ತೆರೆದುಕೊಂಡು ನಿಂತಿದೆ, ಸ್ಟಾಪಿನಲ್ಲಿ ಇಪ್ಪತ್ತು ಇಪ್ಪತ್ತೈದು ಹೆಣ್ಣುಮಕ್ಕಳು, ಒಬ್ಬರೂ ಹತ್ತುತ್ತಿಲ್ಲ! ಕಂಡಕ್ಟರ್ ಕೂಗುತ್ತಿದ್ದಾನೆ, ಅವರು ಡಬ್ಬಿಯ ಚೀಲ ಹಿಡಿದು ಹರಟೆ ಹೊಡೆಯುತ್ತ ಪಿಳ್ಳಮ್ಮನಿಗೆ ಕಾಯುತ್ತಿದ್ದಾರೆ. ಹಲಸೂರಿನ ಅಜ್ಜಿ ಕಲಿಸಿದ್ದ ಪಾಠ ಅರ್ಧ ಮಾತ್ರ ನಿಜವಾಗಿತ್ತು. ಜನ ಮೊದಲು ಬಂದ ಬಸ್ಸಿಗೆ ಹತ್ತುವುದು ಆಮೇಲೆ ಬರುವ ಬಸ್ಸಿನ ಮೇಲೆ ನಂಬಿಕೆ ಇಲ್ಲದ್ದಕ್ಕೆ. ನಂಬಿಕೆ ಇದ್ದರೆ, ಕೂರಲು ಸೀಟೂ ಸಿಗುವುದಾದರೆ, ಕಾಯುತ್ತಾರೆ. ಎಂಟಾಣೆ ಇಳಿಸಿ ಆಗದ್ದನ್ನು ಅವಳು ಮಾತು ಉಳಿಸಿಕೊಂಡು ಮಾಡಿದ್ದಳು.

ಚಂದ್ರಪ್ಪನವರಿಗೂ ಇದು ಅರ್ಥವಾಯಿತು, ನನಗಿಂತ ಬೇಗ. ಅವರು ಕೆಟ್ಟವರಲ್ಲ. ಐದು ಬಸ್ಸಿನ ಕಂತು ಅವರ ತಲೆ ಮೇಲಿತ್ತು, ಹದಿನೈದು ಮನೆಗಳ ಒಲೆ ಅವರಿಂದ ಉರಿಯುತ್ತಿತ್ತು. ಸ್ಟೂಲಿನ ಹತ್ತಿರ ಬಂದವರ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ರಾಜ, ಆಯಮ್ಮನ್ ಬಂಡವಾಳ ಬಸ್ಸಲ್ಲ ಕಣೋ. ಟೈಮು. ಅದ್ನ ಸ್ವಲ್ಪ ಅಲ್ಲಾಡ್ಸು. ಆರೇ ನಿಮಿಷ ಸಾಕು."

"ಸಾವ್ಕಾರ್ರೇ, ಪಾಪ ಆಯಮ್ಮಂಗೆ ಗಂಡ ಬೇರೆ ಮಲಗಿ..."

"ನಿನ್ ಹೆಂಡ್ತಿ ಮಲಗಿದ್ದಾಗ ನಾನ್ ಏನಾದ್ರೂ ಯೋಚ್ನೆ ಮಾಡಿದ್ನೇನೋ?"

ನಾನು ವಾಚಿನ ಕಡೆ ನೋಡಿ ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ಚಂದ್ರಪ್ಪನವರ ಬಸ್ಸು ಹೋದ ಕೂಡಲೇ ಪುಸ್ತಕದ ಮರೆಯಲ್ಲಿ ನನ್ನ ವಾಚಿನ ಮುಳ್ಳನ್ನು ಆರು ನಿಮಿಷ ಹಿಂದಕ್ಕೆ ತಿರುಗಿಸಿದೆ. ಎಂಟೂ ಹತ್ತಾಯಿತು. ಪಿಳ್ಳಮ್ಮ ನನ್ನ ಕಡೆ ನೋಡಿದಳು, ನಾನು ವಿಶಲ್ ಊದಲಿಲ್ಲ. ವಿಶಲ್ ಇಲ್ಲದೆ ಬಸ್ಸು ತೆಗೆದರೆ ಲೈನಿನಿಂದಲೇ ಹೊರಗೆ. ಕಟ್ಟುಪಾಡು ಹಾಗಿತ್ತು. ಒಳಗಿಂದ ಸರೋಜ ಅನ್ನುವ ಹುಡುಗಿ ಕಿಟಕಿಯಲ್ಲಿ ಕೈ ಚಾಚಿ ತನ್ನ ವಾಚು ತೋರಿಸಿದಳು. "ರಾಜಣ್ಣ, ಟೈಮಾಯ್ತು ರೀ!"

"ನನ್ ವಾಚಲ್ಲಿ ಇನ್ನೂ ಆಗಿಲ್ಲಮ್ಮ" ಅಂದೆ. ಥೂ, ಎಂಥ ಮಾತು!

ಹೀಗೆ ಎರಡು ವಾರ. ದಿನಾ ಅಲ್ಲ, ವಾರಕ್ಕೆ ಮೂರು ದಿನ. ಯಾವ ದಿನ ಅಂತ ಅವರಿಗೆ ಗೊತ್ತಾಗಬಾರದು, ನಂಬಿಕೆ ಕೆಡುವುದು ಹಾಗೆಯೇ. ಅದೂ ಚಂದ್ರಪ್ಪನವರ ಲೆಕ್ಕವಲ್ಲ, ನನ್ನದೇ ಬುದ್ಧಿವಂತಿಕೆ. ಸರೋಜಳಿಗೆ ನಾಲ್ಕು ಸಲ ಗೇಟು ಮುಚ್ಚಿತು. ಐದನೆಯ ಸಲ ಸೂಪರ್‌ವೈಸರ್ ಅವತ್ತು ಕೆಲಸವನ್ನೇ ಕೊಡದೆ ಮನೆಗೆ ಕಳಿಸಿದ. ಮಾರನೆಯ ದಿನ ಅವಳು ಪಿಳ್ಳಮ್ಮನ ಫುಟ್‌ಬೋರ್ಡಿನ ಹತ್ತಿರ ಬಂದು ತಲೆ ತಗ್ಗಿಸಿ ನಿಂತಳು.

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ನಾವು ಎಂಟೂ ನಾಲ್ಕರ ಬಸ್ಸಿಗೇ ಹೋಗ್ತೀವಿ."

"ಹೋಗವ್ವ. ನಿನ್ ಗೇಟು ನಂಗೋಸ್ಕರ ಕಾಯ್ತದಾ? ಹೋಗು, ಹತ್ಕೋ, ಸೀಟ್ ಸಿಗಲ್ಲ ಆಮೇಲೆ" ಅಂದು ಅವಳೇ ಬೆನ್ನು ತಟ್ಟಿ ಚಂದ್ರಪ್ಪನವರ ಬಸ್ಸಿಗೆ ಕಳಿಸಿದಳು. ನಾನು ಮೂರು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡೆ.

ಇನ್ನೆರಡು ತಿಂಗಳಲ್ಲಿ ಪಿಳ್ಳಮ್ಮ ಬಸ್ಸು ಮಾರಿದಳು. ಕೊಂಡವರು ಚಂದ್ರಪ್ಪನವರೇ.

ಆ ಹೊತ್ತಿನಲ್ಲಿ ಎದುರಿಗೆ ಯಾರೂ ಇಲ್ಲದ ಮೇಲೆ ಎಂಟೂ ನಾಲ್ಕರ ಬಸ್ಸು ಯಾಕೆ ಬೇಕು? ತೆಗೆದರು. ಎಂಟೂ ಹದಿನಾಲ್ಕೂ ಹೋಯಿತು. ಪಿಳ್ಳಮ್ಮನ ಬಸ್ಸೊಂದೇ ಉಳಿಯಿತು, ಅದಕ್ಕೆ ದಸ್ತಗೀರನನ್ನು ಹಾಕಿದರು. "ತುಂಬಿದ್ಮೇಲೆ ಬಿಡು" ಅಂತ ನನಗೆ ಅಪ್ಪಣೆ. ಎಂಟೂ ಇಪ್ಪತ್ತೋ, ಇಪ್ಪತ್ತೈದೋ, ಬಾಗಿಲಿನಲ್ಲಿ ಜನ ಜೋತಾಡುವವರೆಗೆ ಅದು ಅಲ್ಲಾಡುತ್ತಿರಲಿಲ್ಲ. ಚಾರ್ಜೂ ಏರಿತು. ಓದಿದವರು ಹೇಳಿದ್ದ ಪೈಪೋಟಿ ನಮ್ಮ ಸ್ಟಾಪಿಗೆ ಬಂದು ಹೋಗಿಯೂ ಆಗಿತ್ತು.

ಒಂದು ದಿನ ಆ ಗುಂಪಿನಲ್ಲಿ ಪಿಳ್ಳಮ್ಮ ನಿಂತಿದ್ದಳು. ಹೆಗಲಲ್ಲಿ ಬ್ಯಾಗಿಲ್ಲ, ಕೈಯಲ್ಲಿ ಡಬ್ಬಿಯ ಚೀಲ. ಇಂದಿರಾನಗರದ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸವಂತೆ. ನಾನು ಎದ್ದು ಸ್ಟೂಲು ಕೊಟ್ಟೆ. ಅವಳು ಕೂರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಕ್ಕ, ನಿನ್ ಬಸ್ಸ್‌ನ ತಡೆದು ನಿಲ್ಸಿದ್ದು ನಾನೇ. ವಾಚ್ ನಾನೇ ತಿರುಗ್ಸಿದ್ದೆ."

"ಗೊತ್ತು ಕಣಪ್ಪ."

"ಗೊತ್ತಿತ್ತಾ?"

"ಅಷ್ಟೂ ಗೊತ್ತಾಗಲ್ವಾ? ನಿನ್ ಹೆಂಡ್ತಿಗೆ ರಕ್ತ ಕೊಟ್ಟೋನು ಅವ್ನು. ನನ್ ಗಂಡಂಗೆ ಕೊಟ್ಟಿದ್ರೆ ನಾನೂ ಅಂಗೇ ಮಾಡ್ತಿದ್ನೇನೋ. ನಿನ್ ಮೇಲೆ ನಂಗೆ ಕ್ವಾಪ ಇಲ್ಲ ಬುಡು." ಆಮೇಲೆ ಗುಂಪಿನ ಕಡೆ ಕತ್ತು ತಿರುಗಿಸಿದಳು. ಸರೋಜ ಅಲ್ಲೇ ಇದ್ದಳು, ಗಳಿಗೆಗೊಮ್ಮೆ ವಾಚು ನೋಡಿಕೊಳ್ಳುತ್ತ. "ಈ ಹೆಣ್ಮಕ್ಕಳು ನಿಂಗೆ ಏನ್ ಮಾಡಿದ್ರು? ಅದೊಂದ್ ಹೇಳು."

ಅವತ್ತು ಮನೆಗೆ ಹೋದವನೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ರಕ್ತ ನಂಗ್ ಕೊಟ್ಟಿದ್ದು. ಋಣ ನಂದು. ನೀವ್ಯಾಕ್ ಬೇರೆಯೋರ್ ಹೊಟ್ಟೆ ಮೇಲೆ ಹೊಡೆದು ತೀರ್ಸಿದ್ರಿ?" ಅಂದಳು. ಇಬ್ಬರು ಹೆಂಗಸರು ಒಂದೇ ದಿನ ನನ್ನ ಕಪಾಳಕ್ಕೆ ಹೊಡೆದಂತಾಯಿತು.

ಮಾರನೆಯ ಬೆಳಿಗ್ಗೆ ಎಂಟೂ ಹತ್ತಕ್ಕೆ ಸರಿಯಾಗಿ ವಿಶಲ್ ಊದಿದೆ. ದಸ್ತಗೀರ್ ಬಗ್ಗಿ ನೋಡಿದ. "ಯಾಕ್ ಗುರು? ಸೀಟ್ ಖಾಲಿ ಅವೆ."

"ಟೈಮಾಯ್ತು. ಹೊರಡು."

"ಸಾವ್ಕಾರ್ರು ಚರ್ಮ ಸುಲೀತಾರೆ."

"ನಂದು ತಾನೇ? ನಿಂಗೇನು?"

ಅವನು ಹೊರಟ. ಎರಡನೇ ದಿನವೂ, ಮೂರನೇ ದಿನವೂ. ಕೆಲವು ದಿನಗಳಲ್ಲಿ ಹೆಣ್ಣುಮಕ್ಕಳು ಮತ್ತೆ ಹೊತ್ತಿಗೆ ಸರಿಯಾಗಿ ಬರತೊಡಗಿದರು. ಹತ್ತೊಂಬತ್ತನೇ ದಿನ ಚಂದ್ರಪ್ಪನವರು ಬಂದರು. ಬೈಯಲಿಲ್ಲ. ಕೈ ಚಾಚಿದರು. ನಾನು ವಿಶಲ್ಲು, ಪುಸ್ತಕ ಎರಡನ್ನೂ ಕೊಟ್ಟೆ.

"ಬಸ್ಸು ನಂದು ಕಣೋ ರಾಜ."

"ಬಸ್ಸು ನಿಮ್ದೇ ಸಾವ್ಕಾರ್ರೇ. ನಾನ್ ಇಲ್ಲ ಅಂದ್ನಾ?"

ಅವರ ಕಣ್ಣಲ್ಲಿ ನೀರಿತ್ತು ಅಂತ ಹೇಳಿದರೆ ನೀವು ನಗಬಹುದು. ಇತ್ತು. ನನ್ನ ಕಣ್ಣಲ್ಲೂ ಇತ್ತು.

ಮರುದಿನ ಕೆಲಸವಿಲ್ಲದಿದ್ದರೂ ಕಾಲು ಅಲ್ಲಿಗೇ ಎಳೆಯಿತು. ಸ್ಟೂಲಿನ ಮೇಲೆ ಹೊಸಬನೊಬ್ಬ ಕೂತಿದ್ದ, ವಿಶಲ್ ಬಾಯಲ್ಲಿಟ್ಟುಕೊಂಡು ಜನ ಎಣಿಸುತ್ತಿದ್ದ. ಬಸ್ಸಿನಲ್ಲಿ ಹತ್ತು ಹನ್ನೆರಡು ಸೀಟು ಖಾಲಿ. ಎಂಟೂ ಹತ್ತಾಯಿತು. ಅವನು ಊದಲಿಲ್ಲ. ಹನ್ನೊಂದಾಯಿತು. ಒಳಗೆ ಯಾರೋ ಒಬ್ಬಳು ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ಬಡಿದಳು. ಕಿಟಕಿಯಲ್ಲಿ ನೋಡಿದೆ, ಸರೋಜ. ಪಕ್ಕದವಳೂ ಬಡಿದಳು. ಅವಳ ಹಿಂದಿನ ಸೀಟಿನಲ್ಲಿ ಪಿಳ್ಳಮ್ಮ ಡಬ್ಬಿಯ ಚೀಲ ಕೆಳಗಿಟ್ಟು ಎರಡೂ ಕೈಯಲ್ಲಿ ಬಡಿಯುತ್ತಿದ್ದಳು. ಒಂದು ಗಳಿಗೆಯಲ್ಲಿ ಇಡೀ ಬಸ್ಸಿನ ಹೆಂಗಸರು ತಗಡು ಬಡಿಯುತ್ತ, "ರೈಟ್! ರೈಟ್! ರೈಟ್!" ಅಂತ ಕೂಗಿದರು. ಸಂತೆಯಂತಿದ್ದ ಸ್ಟಾಪು ಗಪ್‌ಚುಪ್ಪಾಯಿತು. ಹೊಸಬ ಗಾಬರಿಯಿಂದ ಎದ್ದು ನಿಂತ.

ದಸ್ತಗೀರ್ ಅವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಗೇರ್ ಹಾಕಿದ. ನಾನು ಓಡಿಹೋಗಿ ಹತ್ತಿ, ಇಂದಿರಾನಗರಕ್ಕೆ ಒಂದು ಟಿಕೆಟ್ ತೆಗೆದುಕೊಂಡೆ.